ಎಆರ್‌ಟಿ ಮಾತ್ರೆಯ ಜೊತೆಗೆ ಬಿಪಿ ಮಾತ್ರೆ: ಎಚ್‌ಐವಿ ಇರುವವರು ರಕ್ತದೊತ್ತಡದ ಬಗ್ಗೆ ತಿಳಿದಿರಬೇಕಾದದ್ದು

ಎಚ್‌ಐವಿ ಸೋಂಕಿತರಿಗೆ ಎಆರ್‌ಟಿ, ಅಂದರೆ ವೈರಸ್ಸನ್ನು ಹತ್ತಿಕ್ಕುವ ಮಾತ್ರೆಗಳನ್ನು ಉಚಿತವಾಗಿ ಕೊಡುವ ಕೆಲಸವನ್ನು ಕೇಂದ್ರ ಸರ್ಕಾರ ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ರಕ್ತಪರೀಕ್ಷೆಯ ಆ ಒಂದು ಚೀಟಿ ಬಂದರೆ ಉಳಿದ ಆಯುಷ್ಯವನ್ನು ವರ್ಷಗಳಲ್ಲಿ ಎಣಿಸುತ್ತಿದ್ದರು. ಆಗ ಮೂವತ್ತರ ಪ್ರಾಯದಲ್ಲಿ ಚಿಕಿತ್ಸೆ ಆರಂಭಿಸಿ ಒಂದು ದಿನವೂ ತಪ್ಪದಂತೆ ಮಾತ್ರೆ ನುಂಗಿದವರು ಇಂದು ಐವತ್ತು ದಾಟಿದ್ದಾರೆ. ಮಕ್ಕಳ ಮದುವೆ ಮಾಡಿದ್ದಾರೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದಾರೆ. ಅವರ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿದೆ, ದೇಹವನ್ನು ಸೋಂಕಿನಿಂದ ಕಾಯುವ ಸಿಡಿ4 ಕೋಶಗಳ ಸಂಖ್ಯೆ ಚೆನ್ನಾಗಿದೆ. ಇಂಥವರ ಜೀವಕ್ಕೆ ಈಗ ಎದುರಾಗಿರುವ ದೊಡ್ಡ ಅಪಾಯ ಹಿಂದಿನ ಕಾಲದ ಕ್ಷಯವೋ ನಿಲ್ಲದ ಭೇದಿಯೋ ಆಗಿರುವುದಕ್ಕಿಂತ ಹೆಚ್ಚಾಗಿ ಹೃದಯಾಘಾತ, ಲಕ್ವ ಮತ್ತು ಮೂತ್ರಪಿಂಡದ ವೈಫಲ್ಯವಾಗಿದೆ. ಈ ಮೂರಕ್ಕೂ ದಾರಿ ಮಾಡಿಕೊಡುವ ಕಾರಣಗಳಲ್ಲಿ ಮುಖ್ಯವಾದದ್ದು ಅಧಿಕ ರಕ್ತದೊತ್ತಡ, ಅಂದರೆ ನಾವೆಲ್ಲ ಬಿಪಿ ಎಂದು ಕರೆಯುವ ಕಾಯಿಲೆ.

ನಾನು ಈ ಲೇಖನದಲ್ಲಿ ಒತ್ತಿ ಹೇಳಬೇಕೆಂದಿರುವುದು ಒಂದೇ ಸಂಗತಿ. ಎಆರ್‌ಟಿ ಮಾತ್ರೆ ಪಡೆಯಲು ಹೋದ ದಿನವೇ ಬಿಪಿಯನ್ನೂ ಅಳತೆ ಮಾಡಿಸಬೇಕು. ಬಿಪಿಗೆ ಮಾತ್ರೆ ಬರೆದುಕೊಡುವ ವೈದ್ಯರಿಗೆ ಎಆರ್‌ಟಿ ಮಾತ್ರೆಯ ವಿಷಯ, ಎಆರ್‌ಟಿ ಕೇಂದ್ರದ ವೈದ್ಯರಿಗೆ ಬಿಪಿ ಮಾತ್ರೆಯ ವಿಷಯ ತಿಳಿದಿರಬೇಕು. ಈ ಎರಡು ಕೆಲಸ ನಡೆದರೆ ಇಬ್ಬಗೆಯ ಚಿಕಿತ್ಸೆಯೂ ಸುಲಭ. ನಡೆಯದಿದ್ದರೆ ಏನಾಗುತ್ತದೆ ಎಂಬುದನ್ನು ವಿವರಿಸಲು ಮೊದಲು ಕಾಯಿಲೆಯ ಸ್ವರೂಪವನ್ನು ನೋಡಬೇಕು.

ಬಿಪಿಯನ್ನು ಎರಡು ಅಂಕಿಗಳಲ್ಲಿ ಹೇಳುತ್ತಾರೆ. ಹೃದಯ ಸಂಕುಚಿಸಿ ರಕ್ತವನ್ನು ಹೊರದೂಡಿದಾಗ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನ ಅಂಕಿ, ಎರಡು ಬಡಿತಗಳ ನಡುವೆ ಹೃದಯ ಸಡಿಲಗೊಂಡಾಗ ಉಳಿಯುವ ಒತ್ತಡ ಕೆಳಗಿನ ಅಂಕಿ. ಬೇರೆ ಬೇರೆ ದಿನ ಅಳೆದಾಗಲೂ ಮೇಲಿನದು 140 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಕೆಳಗಿನದು 90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಧಿಕ ರಕ್ತದೊತ್ತಡವಿದೆ ಎಂದು ನಿರ್ಧರಿಸುತ್ತಾರೆ. ಎರಡರಲ್ಲಿ ಒಂದು ಹೆಚ್ಚಿದ್ದರೂ ಸಾಕು. ತಲೆನೋವು, ತಲೆಸುತ್ತು, ಸಿಟ್ಟು ಬಂದರೆ ಬಿಪಿ ಏರಿದೆ, ಆರಾಮವಾಗಿದ್ದರೆ ಬಿಪಿ ಇಲ್ಲ ಎಂಬ ನಂಬಿಕೆ ನಮ್ಮ ಕಡೆ ಬಹಳ ಗಟ್ಟಿಯಾಗಿದೆ, ಮತ್ತು ಅಷ್ಟೇ ತಪ್ಪಾಗಿದೆ. 170ರಷ್ಟು ಒತ್ತಡವಿದ್ದವರೂ ಏನೂ ತೊಂದರೆಯಿಲ್ಲದೆ ಹೊಲದಲ್ಲಿ ಕಳೆ ತೆಗೆಯುತ್ತಿರುತ್ತಾರೆ. ಅಷ್ಟರಲ್ಲಿ ಒಳಗೆ ಹೃದಯದ ಸ್ನಾಯು ದಪ್ಪವಾಗುತ್ತಿರುತ್ತದೆ, ಮೂತ್ರಪಿಂಡದ ಸಣ್ಣ ಸೋಸುಜಾಲ ಹಾಳಾಗುತ್ತಿರುತ್ತದೆ. ಅಳತೆಯಿಲ್ಲದೆ ಇದನ್ನು ಕಂಡುಹಿಡಿಯಲು ಬೇರೆ ಉಪಾಯವೇ ಇಲ್ಲ.

ಈ ಕಾಯಿಲೆ ಎಲ್ಲರಲ್ಲಿಯೂ ಇದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಶೇ 24ರಷ್ಟು, ಹೆಂಗಸರಲ್ಲಿ ಶೇ 21ರಷ್ಟು ಮಂದಿಗೆ ರಕ್ತದೊತ್ತಡ ಹೆಚ್ಚಿದೆ ಅಥವಾ ಅದಕ್ಕಾಗಿ ಅವರು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಹಾಗಿದ್ದರೆ ಎಚ್‌ಐವಿ ಇರುವವರ ಬಗ್ಗೆ ಪ್ರತ್ಯೇಕವಾಗಿ ಏಕೆ ಬರೆಯಬೇಕು ಎಂದು ಕೇಳಬಹುದು. ಅವರಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಅಪಾಯ ಸೋಂಕಿಲ್ಲದವರಿಗಿಂತ ಸುಮಾರು ಎರಡು ಪಟ್ಟು ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ 2018ರಲ್ಲಿ ತೋರಿಸಿತು. ಈ ಅಪಾಯದ ಮೇಲೆ ಹತೋಟಿಯಿಲ್ಲದ ಬಿಪಿಯೂ ಸೇರಿದರೆ ಹೊರೆ ಇನ್ನಷ್ಟು ಹೆಚ್ಚುತ್ತದೆ.

ವೈರಸ್ ಅಡಗಿ ಕುಳಿತಿದ್ದರೂ ರಕ್ತನಾಳಗಳಿಗೆ ಏಕೆ ತೊಂದರೆಯಾಗುತ್ತದೆ ಎಂಬುದು ಈ ವಿಷಯದ ತಿರುಳು. ಸೋಂಕು ತಗುಲಿದ ಮೊದಲ ವಾರಗಳಲ್ಲಿಯೇ ಎಚ್‌ಐವಿ ಕರುಳಿನ ಗೋಡೆಯಲ್ಲಿರುವ ರಕ್ಷಣಾ ಕೋಶಗಳನ್ನು ದೊಡ್ಡ ಪ್ರಮಾಣದಲ್ಲಿ ನಾಶಮಾಡುತ್ತದೆ. ಚಿಕಿತ್ಸೆಯಿಂದ ರಕ್ತದಲ್ಲಿನ ಸಿಡಿ4 ಕೋಶಗಳು ಚೇತರಿಸಿಕೊಂಡರೂ ಕರುಳಿನ ಗೋಡೆ ಪೂರ್ತಿಯಾಗಿ ಮೊದಲಿನಂತೆ ಆಗುವುದಿಲ್ಲ. ಅಲ್ಲಿಂದ ಸೂಕ್ಷ್ಮಜೀವಿಗಳ ತುಣುಕುಗಳು ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಸೋರುತ್ತಿರುತ್ತವೆ. ದೇಹದ ರೋಗನಿರೋಧಕ ವ್ಯವಸ್ಥೆ ಅವುಗಳ ವಿರುದ್ಧ ವರ್ಷಗಟ್ಟಲೆ ಎಚ್ಚರವಾಗಿಯೇ ಇರುತ್ತದೆ. ವೈದ್ಯರು ಇದನ್ನು ದೀರ್ಘಕಾಲದ ಉರಿಯೂತ ಎನ್ನುತ್ತಾರೆ. ಹೊರಗೆ ಜ್ವರವಿಲ್ಲ, ನೋವಿಲ್ಲ, ಆದರೆ ರಕ್ತನಾಳಗಳ ಒಳಪದರಕ್ಕೆ ಪ್ರತಿದಿನ ಪೆಟ್ಟು ಬೀಳುತ್ತಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಲೈನಿಂಗ್ ಕಿತ್ತುಹೋದ ಕಡೆಗಳಲ್ಲಿ ಹೂಳು ನಿಲ್ಲುವುದನ್ನು, ದಂಡೆ ಕುಸಿಯುವುದನ್ನು ನಮ್ಮ ರೈತರು ನೋಡಿಯೇ ಇದ್ದಾರೆ; ಒಳಪದರ ಹಾಳಾದ ರಕ್ತನಾಳದಲ್ಲಿಯೂ ಹೀಗೆಯೇ ಕೊಬ್ಬು ಕಟ್ಟಿಕೊಳ್ಳುತ್ತದೆ, ಗೋಡೆ ಹಿಗ್ಗುವ ಗುಣ ಕಳೆದುಕೊಂಡು ಬಿರುಸಾಗುತ್ತದೆ, ಬಿರುಸಾದ ನಾಳದಲ್ಲಿ ಒತ್ತಡ ಏರುತ್ತದೆ. ಚಿಕಿತ್ಸೆ ಆರಂಭಿಸುವ ಹೊತ್ತಿಗೆ ಸಿಡಿ4 ಬಹಳ ಕೆಳಗೆ ಇಳಿದಿದ್ದವರಲ್ಲಿ ಈ ಉರಿಯೂತ ಹೆಚ್ಚು ಉಳಿದುಕೊಳ್ಳುತ್ತದೆ. 2017ಕ್ಕೆ ಮೊದಲು ಸಿಡಿ4 ನಿಗದಿತ ಮಟ್ಟಕ್ಕಿಂತ ಕೆಳಗಿಳಿಯುವವರೆಗೆ ಕಾದು ಮಾತ್ರೆ ಆರಂಭಿಸುವ ನಿಯಮವಿತ್ತು. ಆ ವರ್ಷದಿಂದ ಸೋಂಕು ಗೊತ್ತಾದ ಕೂಡಲೇ ಎಲ್ಲರಿಗೂ ಚಿಕಿತ್ಸೆ ಎಂಬ ನೀತಿ ಬಂದಿದೆ. ಹಾಗಾಗಿ ಹಳೆಯ ರೋಗಿಗಳು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದ ಇರಬೇಕಾಗಿದೆ.

ಮಾತ್ರೆಗಳ ಪಾಲೂ ಇದರಲ್ಲಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಮೊದಲ ವರ್ಷಗಳಲ್ಲಿ ಕೊಡುತ್ತಿದ್ದ ಸ್ಟಾವುಡಿನ್ ಎಂಬ ಔಷಧದಿಂದ ಕೆನ್ನೆ, ಕೈಕಾಲುಗಳ ಕೊಬ್ಬು ಕರಗಿ, ಕೆಲವರಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತಿತ್ತು. ಆ ಔಷಧವನ್ನು ಕೈಬಿಟ್ಟು ಬಹಳ ಕಾಲವಾಯಿತು, ಆದರೆ ಅದನ್ನು ನುಂಗಿದವರ ದೇಹದಲ್ಲಿ ಅದರ ಗುರುತು ಉಳಿದಿದೆ. ಈಗ ಹೆಚ್ಚಿನವರಿಗೆ ಸಿಗುತ್ತಿರುವುದು ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ, ದಿನಕ್ಕೆ ಒಂದೇ ಸಲ ನುಂಗುವ ಟಿಎಲ್‌ಡಿ ಮಾತ್ರೆ. ಇದು ವೈರಸ್ಸನ್ನು ಬಹುಬೇಗ ಹತ್ತಿಕ್ಕುವ, ಅಡ್ಡಪರಿಣಾಮ ಕಡಿಮೆಯಿರುವ ಉತ್ತಮ ಮಾತ್ರೆ. ಆದರೆ ಡೊಲುಟೆಗ್ರಾವಿರ್ ಆರಂಭಿಸಿದ ಕೆಲವರ ತೂಕ ಏರುತ್ತದೆ, ಹೆಂಗಸರಲ್ಲಿ ಈ ಏರಿಕೆ ಹೆಚ್ಚು ಎಂಬುದನ್ನು ಆಫ್ರಿಕಾದ ದೊಡ್ಡ ಅಧ್ಯಯನಗಳು ತೋರಿಸಿವೆ. ಕಾಯಿಲೆಯಿಂದ ಕರಗಿಹೋಗಿದ್ದವರು ಮೈತುಂಬಿಕೊಂಡರೆ ಮನೆಯವರಿಗೆ ಸಂತೋಷವಾಗುವುದು ಸಹಜ, ಆಗಬೇಕು ಕೂಡ. ಆದರೆ ಹಳೆಯ ತೂಕಕ್ಕೆ ಮರಳಿದ ಮೇಲೂ ಸೊಂಟದ ಸುತ್ತಳತೆ ಏರುತ್ತಲೇ ಹೋದರೆ ಬಿಪಿ ಮತ್ತು ಸಕ್ಕರೆ ಎರಡನ್ನೂ ನೋಡಿಸಬೇಕು. ಟೆನೊಫೊವಿರ್ ಹಲವರಿಗೆ ಒಗ್ಗಿಕೊಳ್ಳುತ್ತದೆ, ಕೆಲವರ ಮೂತ್ರಪಿಂಡಕ್ಕೆ ತೊಂದರೆ ಕೊಡುತ್ತದೆ. ಮೂತ್ರಪಿಂಡ ಸೊರಗಿದರೆ ಬಿಪಿ ಏರುತ್ತದೆ, ಬಿಪಿ ಏರಿದರೆ ಮೂತ್ರಪಿಂಡ ಇನ್ನಷ್ಟು ಸೊರಗುತ್ತದೆ. ಅದಕ್ಕಾಗಿಯೇ ಎಆರ್‌ಟಿ ಕೇಂದ್ರಗಳಲ್ಲಿ ಕಾಲಕಾಲಕ್ಕೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ಡೊಲುಟೆಗ್ರಾವಿರ್ ಆರಂಭಿಸಿದಾಗ ಈ ಅಂಕಿ ಮೂತ್ರಪಿಂಡಕ್ಕೆ ಹಾನಿಯಿಲ್ಲದೆಯೇ ಸ್ವಲ್ಪ ಏರುವುದುಂಟು, ಆದ್ದರಿಂದ ವರದಿಯನ್ನು ನೋಡಿ ತಾವೇ ಗಾಬರಿಯಾಗದೆ ವೈದ್ಯರಿಗೆ ತೋರಿಸಬೇಕು.

ಇಷ್ಟನ್ನು ಓದಿ ಯಾರಿಗಾದರೂ ಎಆರ್‌ಟಿ ಮಾತ್ರೆಯನ್ನೇ ನಿಲ್ಲಿಸಿದರೆ ಒಳ್ಳೆಯದಲ್ಲವೇ ಎನ್ನಿಸಿದರೆ, ಅದಕ್ಕೆ ಉತ್ತರ ಸ್ಪಷ್ಟವಾಗಿದೆ. 33 ದೇಶಗಳ 5 ಸಾವಿರಕ್ಕೂ ಹೆಚ್ಚು ಸೋಂಕಿತರು ಭಾಗವಹಿಸಿದ್ದ ಸ್ಮಾರ್ಟ್ ಎಂಬ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಮಾತ್ರೆಯನ್ನು ನಡುನಡುವೆ ನಿಲ್ಲಿಸಿದವರಲ್ಲಿ ಸಾವು ಹೆಚ್ಚಾಯಿತು, ಜೊತೆಗೆ ಹೃದಯ, ಮೂತ್ರಪಿಂಡ ಮತ್ತು ಯಕೃತ್ತಿನ ದೊಡ್ಡ ತೊಂದರೆಗಳೂ ಹೆಚ್ಚಾದವು. ರಕ್ತನಾಳಗಳಿಗೆ ಮಾತ್ರೆಗಿಂತ ಬಹುಪಾಲು ಹೆಚ್ಚು ಹಾನಿ ಮಾಡುವುದು ಹತೋಟಿ ತಪ್ಪಿದ ವೈರಸ್. ಹಾಗಾಗಿ ಎಆರ್‌ಟಿಯನ್ನು ಮುಂದುವರಿಸಿಕೊಂಡೇ ಬಿಪಿಗೆ ಚಿಕಿತ್ಸೆ ಪಡೆಯಬೇಕು.

ಆ ಚಿಕಿತ್ಸೆ ಕಷ್ಟದ್ದಲ್ಲ. ಸರ್ಕಾರಿ ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ವಿಭಾಗದಲ್ಲಿ, ಅಂದರೆ ಎನ್‌ಸಿಡಿ ಕ್ಲಿನಿಕ್‌ಗಳಲ್ಲಿ, ಸಾಮಾನ್ಯವಾಗಿ ಆಮ್ಲೋಡಿಪಿನ್ 5 ಮಿಲಿಗ್ರಾಂನಿಂದ ಆರಂಭಿಸಿ, ಅಗತ್ಯಬಿದ್ದರೆ ಟೆಲ್ಮಿಸಾರ್ಟನ್ 40, ಆ ಬಳಿಕ ಕ್ಲೋರ್‌ಥಾಲಿಡೋನ್ 12.5 ಮಿಲಿಗ್ರಾಂ ಸೇರಿಸುತ್ತಾರೆ. ಟಿಎಲ್‌ಡಿ ನುಂಗುವವರಿಗೆ ಈ ಮೂರೂ ಒಗ್ಗುತ್ತವೆ. ಡೊಲುಟೆಗ್ರಾವಿರ್‌ಗೂ ಇವುಗಳಿಗೂ ಹೇಳಿಕೊಳ್ಳುವಂಥ ತಿಕ್ಕಾಟವಿಲ್ಲ. ಟೆಲ್ಮಿಸಾರ್ಟನ್ ಆರಂಭಿಸಿದ ಮೇಲೆ ಕ್ರಿಯೇಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸುವುದು ಟೆನೊಫೊವಿರ್ ನುಂಗುವವರಿಗೆ ವಿಶೇಷವಾಗಿ ಅಗತ್ಯ. ಗರ್ಭಿಣಿಯರಿಗೆ ಟೆಲ್ಮಿಸಾರ್ಟನ್ ಕೊಡುವಂತಿಲ್ಲ, ಅವರಿಗೆ ಬೇರೆ ಸುರಕ್ಷಿತ ಮಾತ್ರೆಗಳಿವೆ.

ತೊಡಕು ಬರುವುದು ಮೊದಲ ಮಾತ್ರೆಗಳು ಕೆಲಸ ಮಾಡದೆ ಎರಡನೆಯ ಹಂತದ ಎಆರ್‌ಟಿ ಪಡೆಯುವವರಲ್ಲಿ. ಅಟಾಜನಾವಿರ್, ಲೋಪಿನಾವಿರ್, ಡಾರುನಾವಿರ್‌ಗಳ ಜೊತೆ ರಿಟೊನಾವಿರ್ ಎಂಬ ಔಷಧವನ್ನು ಕೊಡುತ್ತಾರೆ. ಯಕೃತ್ತು ಔಷಧಗಳನ್ನು ಕರಗಿಸುವ ವೇಗವನ್ನು ರಿಟೊನಾವಿರ್ ತಗ್ಗಿಸುತ್ತದೆ. ಇದರಿಂದ ಜೊತೆಯ ಎಚ್‌ಐವಿ ಔಷಧ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಅದೇ ಇದರ ಉದ್ದೇಶ. ಆದರೆ ಆಮ್ಲೋಡಿಪಿನ್ ಕೂಡ ಅದೇ ದಾರಿಯಲ್ಲಿ ಕರಗುವ ಔಷಧವಾದ್ದರಿಂದ ಅದರ ಪ್ರಮಾಣವೂ ರಕ್ತದಲ್ಲಿ ಏರಿಬಿಡುತ್ತದೆ. ಆಗ ಕಾಲು ಬಾತುಕೊಳ್ಳುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲಿಡುತ್ತದೆ. ವೈದ್ಯರಿಗೆ ವಿಷಯ ಗೊತ್ತಿದ್ದರೆ 2.5 ಮಿಲಿಗ್ರಾಂನಿಂದ ಆರಂಭಿಸುತ್ತಾರೆ ಅಥವಾ ಬೇರೆ ಮಾತ್ರೆ ಆರಿಸುತ್ತಾರೆ. ಎಫಾವಿರೆನ್ಜ್ ಎಂಬ ಎಚ್‌ಐವಿ ಔಷಧ ಮತ್ತು ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧವಾಗಿ ಆಮ್ಲೋಡಿಪಿನ್ನನ್ನು ಬೇಗ ಕರಗಿಸಿಬಿಡುತ್ತವೆ, ಆಗ ಮಾತ್ರೆ ನುಂಗುತ್ತಿದ್ದರೂ ಬಿಪಿ ಇಳಿಯುವುದಿಲ್ಲ. ರಿಟೊನಾವಿರ್ ಇರುವವರು ಮಂಡಿನೋವಿಗೆ ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಂಡರೆ ಅದರ ಪರಿಣಾಮವೂ ಹಲವು ಪಟ್ಟು ಹೆಚ್ಚಿ, ಮುಖ ಊದಿ, ಬಿಪಿ, ಸಕ್ಕರೆ ಎರಡೂ ಏರಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಡೊಲುಟೆಗ್ರಾವಿರನ್ನೂ ನುಂಗುತ್ತಿದ್ದರೆ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳಬೇಕು.

ನಮ್ಮ ಮೂರು ಜಿಲ್ಲೆಗಳ ಮಟ್ಟಿಗೆ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುವುದು ನೋವಿನ ಗುಳಿಗೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುವ ಹೆಂಗಸರು, ಅಕ್ಕಿ ಗಿರಣಿಗಳಲ್ಲಿ ಚೀಲ ಹೊರುವ ಹಮಾಲರು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು, ಸಂಡೂರಿನ ಗಣಿಗಳಲ್ಲಿ ದುಡಿಯುವವರು ಸಂಜೆಗೆ ಮೈಕೈ ನೋವೆಂದು ಅಂಗಡಿಯಲ್ಲಿ ಗುಳಿಗೆ ಕೇಳಿ ನುಂಗುವುದು, ಸೂಜಿ ಮಾಡಿಸಿಕೊಳ್ಳುವುದು ದಿನನಿತ್ಯದ ಮಾತು. ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸಿಕ್ಲೋಫೆನಾಕ್ ಮುಂತಾದ ಈ ಔಷಧಗಳು ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಟ್ಟು ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನು ಕುಗ್ಗಿಸುತ್ತವೆ, ಟೆನೊಫೊವಿರ್ ಜೊತೆ ಸೇರಿದಾಗ ಮೂತ್ರಪಿಂಡಕ್ಕೆ ನೇರವಾಗಿ ಪೆಟ್ಟು ಕೊಡುತ್ತವೆ. ಟೆಲ್ಮಿಸಾರ್ಟನ್ ಮತ್ತು ಕ್ಲೋರ್‌ಥಾಲಿಡೋನ್ ಕೂಡ ನುಂಗುತ್ತಿರುವವರಲ್ಲಿ ಅಪಾಯ ಇನ್ನೂ ಹೆಚ್ಚು. ದುಡಿದು ದಣಿದವರಿಗೆ ನೋವನ್ನು ಸಹಿಸಿಕೊಳ್ಳಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಪ್ಯಾರಸಿಟಮಾಲನ್ನು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಮೂತ್ರಪಿಂಡಕ್ಕೆ ಅದು ಇವುಗಳಿಗಿಂತ ಎಷ್ಟೋ ಸುರಕ್ಷಿತ. ಅಂಗಡಿಯವರು ಬಿಡಿ ಗುಳಿಗೆಗಳನ್ನು ಕೊಟ್ಟರೆ ಅವುಗಳ ಹೆಸರು ಕೇಳಿ ತಿಳಿದುಕೊಳ್ಳದೆ ನುಂಗಬಾರದು.

ಊಟದಲ್ಲಿ ಉಪ್ಪು ಕಡಿಮೆ ಮಾಡಬೇಕೆಂಬ ಮಾತು ಹೊಸದಲ್ಲ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಸಾಕು ಎನ್ನುತ್ತದೆ. ಜೋಳದ ರೊಟ್ಟಿ, ಕಾಳುಪಲ್ಯ, ಪುಂಡಿಪಲ್ಯ, ಹಸಿ ತರಕಾರಿ ಬಿಪಿ ಇರುವವರಿಗೆ ಒಳ್ಳೆಯ ಊಟವೇ. ಉಪ್ಪು ಸೇರುವುದು ರೊಟ್ಟಿಯ ಪಕ್ಕದಲ್ಲಿರುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿಗಳಿಂದ, ಮತ್ತು ಬೆಳಗಿನ ಒಗ್ಗಾಣಿ ಮಿರ್ಚಿಯಿಂದ. ತಂಬಾಕು ಬೀಡಿಯ ರೂಪದಲ್ಲಿರಲಿ ಗುಟ್ಕಾದ ರೂಪದಲ್ಲಿರಲಿ, ಉರಿಯೂತದಿಂದ ಈಗಾಗಲೇ ನೊಂದ ರಕ್ತನಾಳಕ್ಕೆ ಅದು ವಿಷ.

ಬಿಸಿಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಕ್ಲೋರ್‌ಥಾಲಿಡೋನ್ ಮೂತ್ರದ ಮೂಲಕ ಉಪ್ಪು, ನೀರನ್ನು ಹೊರಹಾಕುವ ಮಾತ್ರೆ. ಬೆವರಿನಲ್ಲಿಯೂ ನೀರು ಹೋಗಿ, ವಾಂತಿ ಭೇದಿಯೂ ಆದರೆ ಬಿಪಿ ಕುಸಿದು ಮೂತ್ರಪಿಂಡ ತೊಂದರೆಗೆ ಸಿಲುಕುತ್ತದೆ. ಬೇಸಿಗೆಯಲ್ಲಿ ಎದ್ದಾಗ ತಲೆಸುತ್ತು ಬರುತ್ತಿದ್ದರೆ ಬಿಪಿ ಅಳೆಸಿ, ಪ್ರಮಾಣ ಬದಲಿಸಬೇಕೇ ಎಂದು ವೈದ್ಯರನ್ನು ಕೇಳಬೇಕು, ತಾವಾಗಿಯೇ ಬಿಡಬಾರದು.

ಅಳತೆ ಸರಿಯಾಗಿ ಆಗುವುದೂ ಮುಖ್ಯ. ಬಸ್ಸಿಳಿದು ಓಡಿಬಂದು ಸಾಲಿನಲ್ಲಿ ನಿಂತು ತೋಳು ಚಾಚಿದರೆ ಬರುವ ಅಂಕಿಯನ್ನು ನಂಬುವಂತಿಲ್ಲ. ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ಮಾತಾಡದೆ ಐದು ನಿಮಿಷ ಕುಳಿತ ಮೇಲೆ ಅಳೆಯಬೇಕು. ಅದಕ್ಕೆ ಅರ್ಧ ಗಂಟೆ ಮೊದಲು ಚಹಾ, ತಂಬಾಕು ಬೇಡ. ಎರಡು ಸಲ ಅಳೆದು ಎರಡನ್ನೂ ಎಆರ್‌ಟಿ ಕೇಂದ್ರ ಕೊಟ್ಟಿರುವ ಹಸಿರು ಪುಸ್ತಕದಲ್ಲಿ ಬರೆಸಿಕೊಂಡರೆ ಮುಂದಿನ ಸಲ ಹೋಲಿಸಿ ನೋಡಲು ಅನುಕೂಲ. ಚಿಕಿತ್ಸೆಯಲ್ಲಿರುವವರು 140/90ಕ್ಕಿಂತ ಕೆಳಗಿರಬೇಕು. ಸಕ್ಕರೆ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯೂ ಇದ್ದರೆ ಮೇಲಿನ ಅಂಕಿ 130ಕ್ಕಿಂತ ಕೆಳಗೆ ಬರುವುದು ಒಳ್ಳೆಯದು. 40 ದಾಟಿದವರು ಕೊಲೆಸ್ಟರಾಲ್ ಮಾತ್ರೆಯ ಬಗ್ಗೆಯೂ ಕೇಳಬೇಕು. ಭಾರತವೂ ಸೇರಿದಂತೆ 12 ದೇಶಗಳ 7,769 ಸೋಂಕಿತರ ಮೇಲೆ ನಡೆದ ರಿಪ್ರೀವ್ ಅಧ್ಯಯನದಲ್ಲಿ, ಪಿಟವಸ್ಟಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆ ನುಂಗಿದವರಲ್ಲಿ ಹೃದಯಾಘಾತ, ಲಕ್ವದಂಥ ದೊಡ್ಡ ಆಘಾತಗಳು ಸುಮಾರು ಶೇ 35ರಷ್ಟು ಕಡಿಮೆಯಾದವು ಎಂದು 2023ರಲ್ಲಿ ತಿಳಿದುಬಂದಿದೆ. ಆದರೆ ಅದೇ ಗುಂಪಿನ ಸಿಮ್ವಾಸ್ಟಾಟಿನನ್ನು ರಿಟೊನಾವಿರ್ ಜೊತೆ ತೆಗೆದುಕೊಳ್ಳುವಂತಿಲ್ಲ, ಆದ್ದರಿಂದ ಇದನ್ನೂ ವೈದ್ಯರೇ ಆರಿಸಬೇಕು.

ಇಷ್ಟೆಲ್ಲ ತಿಳಿದಿದ್ದರೂ ಕೆಲಸ ಕೆಡುವುದು ಗುಟ್ಟಿನಿಂದ. ಎಆರ್‌ಟಿ ಕೇಂದ್ರ ಒಂದು ಕಡೆ, ಎನ್‌ಸಿಡಿ ಕ್ಲಿನಿಕ್ ಇನ್ನೊಂದು ಕಡೆ. ಅಲ್ಲಿ ಒಂದು ಪುಸ್ತಕ, ಇಲ್ಲಿ ಬೇರೊಂದು ಚೀಟಿ. ಊರಿನವರು ನೋಡಿಯಾರು ಎಂಬ ಭಯದಿಂದ ಬೇರೆ ಜಿಲ್ಲೆಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿಕೊಂಡು, ಬಿಪಿಗೆ ಮಾತ್ರ ಊರಿನ ಆಸ್ಪತ್ರೆಗೆ ಹೋಗುವವರು ಅಲ್ಲಿ ಸೋಂಕಿನ ವಿಷಯವನ್ನು ಬಾಯಿಬಿಡುವುದಿಲ್ಲ. ಆ ಭಯಕ್ಕೆ ಕಾರಣವಾದ ಅವಮಾನಗಳನ್ನು ಅವರು ಅನುಭವಿಸಿದ್ದಾರೆ, ಹಾಗಾಗಿ ಅವರನ್ನು ದೂರುವುದು ನ್ಯಾಯವಲ್ಲ. ಆದರೆ ಕಾನೂನು ಈಗ ಅವರ ಪರವಾಗಿದೆ. 2017ರಲ್ಲಿ ಸಂಸತ್ತು ಅಂಗೀಕರಿಸಿ, 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಸೋಂಕಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ, ಕಾಯ್ದೆಯೇ ಹೇಳಿರುವ ಕೆಲವು ಸಂದರ್ಭಗಳನ್ನು ಬಿಟ್ಟರೆ ಒಪ್ಪಿಗೆಯಿಲ್ಲದೆ ಅದನ್ನು ಬೇರೆಯವರಿಗೆ ತಿಳಿಸುವಂತೆಯೂ ಇಲ್ಲ. ಎಲ್ಲರೆದುರು ಹೇಳಲು ಮನಸ್ಸಾಗದಿದ್ದರೆ ವೈದ್ಯರೊಬ್ಬರೇ ಇರುವಾಗ ಮಾತ್ರೆಯ ಹೆಸರನ್ನು ಬರೆದ ಚೀಟಿ ಕೊಟ್ಟರೂ ಸಾಕು. ಅದೂ ಆಗದಿದ್ದರೆ ಬಿಪಿ ಮಾತ್ರೆಯ ಪಟ್ಟಿಯನ್ನು ಎಆರ್‌ಟಿ ಕೇಂದ್ರಕ್ಕೆ ಒಯ್ದು ಅಲ್ಲಿನ ಆಪ್ತಸಮಾಲೋಚಕರಿಗೆ ತೋರಿಸಬಹುದು. ಅಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಕೊನೆಯದಾಗಿ ಗುಳೆ ಹೋಗುವವರ ವಿಷಯ. ಸುಗ್ಗಿ ಮುಗಿದ ಮೇಲೆ ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾದ ಕಡೆಯಿಂದ ಬೆಂಗಳೂರು, ಪುಣೆ, ಗೋವಾಗಳಿಗೆ ಹೊರಡುವ ಕುಟುಂಬಗಳಲ್ಲಿ ಎಆರ್‌ಟಿ ಮಾತ್ರೆಯನ್ನು ಮುಂಚೆಯೇ ಕೇಳಿ ಪಡೆಯುವವರೂ ಬಿಪಿ ಮಾತ್ರೆಯನ್ನು ಮರೆಯುತ್ತಾರೆ. ಚಿಕಿತ್ಸೆಯಲ್ಲಿ ಸ್ಥಿರವಾಗಿರುವವರಿಗೆ ಕೇಂದ್ರಗಳು ಒಂದಕ್ಕಿಂತ ಹೆಚ್ಚು ತಿಂಗಳ ಎಆರ್‌ಟಿ ಕೊಡುತ್ತವೆ, ಬಹುಕಾಲ ಹೊರಗಿರುವವರನ್ನು ಅಲ್ಲಿನ ಕೇಂದ್ರಕ್ಕೆ ವರ್ಗಾಯಿಸುತ್ತವೆ. ಬಿಪಿ ಮಾತ್ರೆಗೆ ವರ್ಗಾವಣೆ ಬೇಕಾಗಿಲ್ಲ. ಹಳೆಯ ಚೀಟಿ ತೋರಿಸಿದರೆ ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿಯೂ ಕೇಳಬಹುದು. ಹೋದ ಕಡೆ ಎಆರ್‌ಟಿ ಕೇಂದ್ರ ಎಲ್ಲಿದೆ ಎಂದು ತಿಳಿಯಲು 1097 ಸಂಖ್ಯೆಗೆ ಕರೆ ಮಾಡಬಹುದು, ಅದಕ್ಕೆ ಹಣ ತಗಲುವುದಿಲ್ಲ. ಮುಖ ಒಂದು ಕಡೆ ವಾಲಿದರೆ, ಒಂದು ಬದಿಯ ಕೈಕಾಲು ಸೋತರೆ, ಮಾತು ತೊದಲಿದರೆ, ಎದೆ ಬಿಗಿದು ಬೆವರಿದರೆ ಮಾತ್ರ ಹೊರರೋಗಿ ವಿಭಾಗ ತೆರೆಯುವವರೆಗೆ ಕಾಯಬಾರದು, ಆ ಕ್ಷಣವೇ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್‌ನಲ್ಲಿ ಬಂದವರಿಗೆ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಕೊಡಬೇಕು.